ಲಲ್ಲಾ ಬೆಹಿಜಾ ಮುಗಿಸದ ಕಡಲು

ಒಂದೂರಿತ್ತು. ಮೂರು ದಿಕ್ಕಿಗೂ ಕಡಲಿದ್ದ ಊರು, ಹೆಸರು ಮಹ್ದಿಯಾ. ಆ ಊರಲ್ಲೊಬ್ಬ ಅಜ್ಜಿ, ಕಥೆ ಬರೆಯುವ ಲಲ್ಲಾ ಬೆಹಿಜಾ. ಅಜ್ಜಿಯ ತಲೆಯೊಳಗೆ ಇನ್ನೊಂದು ಕಡಲು, ಮಾತು ನಿಂತುಹೋದ ಕಡಲು! ಅದರ ಮಾತನ್ನು ಮರಳಿ ತರಲು ಉಲ್ಫಾ ಎಂಬ ಹುಡುಗಿ ಐದು ಪುಸ್ತಕಗಳಷ್ಟು ದೂರ ನಡೆದಳು. ಕೊನೆಗೆ ನೀರಿನ ತಳದಲ್ಲಿ ನಿಂತು, ಕಡಲನ್ನು ಹೆಸರು ಹಿಡಿದು ಕರೆಯಲು ಬಾಯಿ ತೆರೆದಳು...

ಅಲ್ಲಿಗೆ ಐದನೆಯ ಪುಸ್ತಕ ಮುಗಿಯಿತು.

ಆರನೆಯದಕ್ಕಾಗಿ ಜನ ಹನ್ನೊಂದು ವರ್ಷ ಕಾದರು. ಜೂನ್ ತಿಂಗಳ ಒಂದು ಬೆಳಿಗ್ಗೆ ಅಜ್ಜಿ ತೀರಿಕೊಂಡಳು. ಉಲ್ಫಾ ಮಾತ್ರ ಇವತ್ತಿಗೂ ಬಾಯಿ ತೆರೆದುಕೊಂಡೇ ನಿಂತಿದ್ದಾಳೆ.

ನಾನು ಹೇಳಹೊರಟಿದ್ದು ಉಲ್ಫಾಳ ಕಥೆಯಲ್ಲ. ಅಜ್ಜಿ ತೀರಿಕೊಂಡ ನಲವತ್ತನೆಯ ದಿನ, ಅಜ್ಜಿಯ ಮನೆ ಬಾಗಿಲಿಗೆ ಅಡ್ಡ ನಿಂತಿದ್ದ, ಅಜ್ಜಿಯ ಆರೈಕೆಗೆ ಬರುತ್ತಿದ್ದ ಓದುಗರಲ್ಲೊಬ್ಬಳಾದ ದುರ್ಸಾಫ್‌ಳ ಕಥೆ.

"ಒಳಗೆ ಕಾಲಿಟ್ಟರೆ ನೋಡು!"

ಎದುರಿಗಿದ್ದವನು ಅಲ್ಲೇ ನಿಂತ. ಎತ್ತರದ ಯುವಕ. ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಅವನನ್ನು ಅವಳು ಎಂದೂ ಭೇಟಿಯಾಗಿರಲಿಲ್ಲ. ಆದರೆ ಆ ಮುಖವನ್ನು ಅಂತರ್ಜಾಲದ ಓದುಗರ ಬಳಗದ ಪುಟದಲ್ಲಿ ನೂರು ಸಲ ನೋಡಿದ್ದಳು, ನೂರು ಸಲ ಶಪಿಸಿದ್ದಳು.

ಇಲ್ಯಾಸ್! ನಾಲ್ಕು ವರ್ಷದ ಹಿಂದೆ ಅದೇ ಪುಟದಲ್ಲಿ ಅಜ್ಜಿಗೆ ಆ ಬಹಿರಂಗ ಪತ್ರ ಬರೆದವನು.

*'ಸಾಯುವ ಮೊದಲು ಮುಗಿಸಿ ಲಲ್ಲಾ. ಆಮೇಲೆ ಎಷ್ಟು ಬೇಕಾದರೂ ಮಲಗಬಹುದು.'*

"ನಾನು ಊಟಕ್ಕೆ ಬಂದಿಲ್ಲ. ಫಾತಿಹಾ ಓದಿ ಹೋಗ್ತೀನಿ," ಎಂದನು ಅವನು ಮೆಲ್ಲಗೆ.

"ಕೊಂದವರು ಬಂದು ಪ್ರಾರ್ಥನೆ ಮಾಡೋದು ಯಾವ ಊರಿನ ಪದ್ಧತಿ?"

ಅಂಗಳದಲ್ಲಿ ಚಮಚಗಳ ಸದ್ದು ನಿಂತಿತು. ಸೂಸಾ, ಸ್ಫಾಕ್ಸ್, ಗಾಬೆಸ್ ಕಡೆಯಿಂದ ಬಂದ ಇನ್ನೂರು ಓದುಗರು ತಿರುಗಿ ನೋಡಿದರು. ಸ್ಫಾಕ್ಸ್‌ನ ಟ್ಯಾಕ್ಸಿ ಚಾಲಕ ಹಮ್ಮಾದಿ ಎದ್ದು ಬಂದವನೇ ಇಲ್ಯಾಸ್‌ನ ಕೊರಳಪಟ್ಟಿ ಹಿಡಿದ.

"ಇವನೇನಾ? ಪತ್ರ ಬರೆದ ಪುಣ್ಯಾತ್ಮ?"

"ಬಿಡೋ ಅವನನ್ನ!"

ಗದರಿದವರು ಲಲ್ಲಾ ಬೆಹಿಜಾಳ ತಂಗಿ, ಈಗ ಮನೆಯ ಯಜಮಾನಿ, ಎಲ್ಲರೂ ಖಾಲ್ತಿ, ಅಂದರೆ ಚಿಕ್ಕಮ್ಮ, ಎನ್ನುವ ಜನೈನಾ. "ಸತ್ತವಳ ನಲವತ್ತಿಗೆ ಬಂದವರನ್ನ ಹಸಿದ ಹೊಟ್ಟೆಲಿ ವಾಪಸ್ ಕಳಿಸ್ತಾರೇನೋ? ನಿಮಗೆಲ್ಲ ಪುಸ್ತಕ ಓದಿ ಓದಿ ಮರ್ಯಾದೆ ಮರೆತುಹೋಯ್ತಾ? ದುರ್ಸಾಫ್, ತಟ್ಟೆ ಹಾಕು ಮಗಳೇ."

ದುರ್ಸಾಫ್ ತಟ್ಟೆ ಹಾಕಿದಳು. ಕುಸ್‌ಕುಸ್ ಹಾಕಿದಳು, ಕಡಲೆ ಹಾಕಿದಳು, ಕುಂಬಳ ಹಾಕಿದಳು. ಮಾಂಸ ಮಾತ್ರ ಹಾಕಲಿಲ್ಲ.

ಇಲ್ಯಾಸ್ ತಟ್ಟೆ ನೋಡಿದ. ತುಟಿಯಂಚಿನಲ್ಲಿ ನಗು ಸುಳಿದಂತಿತ್ತು.

*ನಗ್ತಾನೆ! ಈ ಮನೇಲಿ ಕೂತು ನಗ್ತಾನೆ!*

ಅವಳಿಗೆ ಮೈಯೆಲ್ಲ ಉರಿಯಿತು.

ಊಟ ಮುಗಿದರೂ ಯಾರೂ ಏಳಲಿಲ್ಲ. ಎಲ್ಲರೂ ಬಂದಿದ್ದು ಒಂದೇ ಕಾರಣಕ್ಕೆ. ಹಮ್ಮಾದಿ ಬಾಯಿ ಒರೆಸಿಕೊಂಡು ಕೇಳಿಯೇಬಿಟ್ಟ.

"ತಂಗಿ, ಕೊನೆ ಅಧ್ಯಾಯ ಯಾವಾಗ ಓದ್ತೀಯ?"

ದುರ್ಸಾಫ್ ಖಾಲಿ ತಟ್ಟೆಗಳನ್ನು ಪೇರಿಸತೊಡಗಿದಳು.

"ಸೂರ್ಯ ಮುಳುಗಲಿ ಅಣ್ಣ. ಹಗಲಲ್ಲಿ ಕಥೆ ಹೇಳಿದರೆ ಮೊಮ್ಮಕ್ಕಳು ಬೋಳಾಗಿ ಹುಟ್ತಾರೆ ಅಂತ ಲಲ್ಲಾ ಹೇಳ್ತಿರಲಿಲ್ವಾ?"

"ಹಾಗಾದ್ರೆ ನಮ್ಮಜ್ಜಿ ಮಟಮಟ ಮಧ್ಯಾಹ್ನವೇ ಹೇಳಿರಬೇಕು," ಎಂದು ಹಮ್ಮಾದಿ ತನ್ನ ನುಣ್ಣನೆ ತಲೆ ಸವರಿಕೊಂಡ. ಅಂಗಳ ನಕ್ಕಿತು.

ದುರ್ಸಾಫ್ ನಗಲಿಲ್ಲ. ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದಳು.

ಏಕೆಂದರೆ... ಕೊನೆಯ ಅಧ್ಯಾಯ ಎಂಬುದೇ ಇರಲಿಲ್ಲ!

ಕಳೆದ ಚಳಿಗಾಲದಲ್ಲಿ ಓದುಗರು ಲಲ್ಲಾ ಬೆಹಿಜಾಳ ಕಿಟಕಿಯ ಕೆಳಗೆ ಬಂದು ಕೂಗುತ್ತಿದ್ದರು. ಒಳಗೆ ಮುದುಕಿ ಹಾಸಿಗೆಯ ಮೇಲೆ ನಡುಗುತ್ತಿದ್ದಳು. ಸಹಿಸಲಾಗದೆ ದುರ್ಸಾಫ್ ಒಂದು ದಿನ ಬಳಗದ ಪುಟದಲ್ಲಿ ಬರೆದಳು: 'ಆರನೆಯ ಪುಸ್ತಕ ಮುಗಿದಿದೆ. ನನ್ನ ಕಣ್ಣಾರೆ ನೋಡಿದ್ದೇನೆ. ಲಲ್ಲಾರನ್ನು ನೆಮ್ಮದಿಯಾಗಿರಲು ಬಿಡಿ.'

ಕೂಗು ನಿಂತಿತು. ಕಿಟಕಿಯ ಕೆಳಗೆ ಹೂಗಳು ಬಂದವು, ಮಿಠಾಯಿ ಬಂತು.

ವಿಷಯ ಗೊತ್ತಾದಾಗ ಲಲ್ಲಾ ಬೈಯಲಿಲ್ಲ. ಇಷ್ಟೇ ಹೇಳಿದ್ದಳು: "ನೀನು ಹಾಕಿದ ಗಂಟನ್ನ ನೀನೇ ಬಿಚ್ಚು ಮಗಳೇ. 'ಮುಗಿಸಲಿಲ್ಲ, ಮುಗಿಸೋದು ಹೇಗೆ ಅಂತ ಅವಳಿಗೇ ಗೊತ್ತಾಗಲಿಲ್ಲ' ಅಂತ ಅವರಿಗೆ ಹೇಳು. ನನಗೆ ನಾಚಿಕೆ, ನಾನು ಬದುಕಿರೋವಾಗ ಬೇಡ. ಆದರೆ ನಲವತ್ತು ದಾಟೋದ್ರೊಳಗೆ ಹೇಳು. ಮಾತು ಕೊಡು."

ದುರ್ಸಾಫ್ ಮಾತು ಕೊಟ್ಟಿದ್ದಳು.

ಆ ನಲವತ್ತನೆಯ ದಿನ ಇವತ್ತೇ. ಅವಳ ಚೀಲದಲ್ಲಿ ಮಾತ್ರ ಹನ್ನೆರಡು ಹಾಳೆಗಳಿದ್ದವು. ಲಲ್ಲಾಳ ಶೈಲಿಯಲ್ಲಿ, ಲಲ್ಲಾಳ ಪದಗಳಲ್ಲಿ, ದುರ್ಸಾಫ್ ತಾನೇ ಕೂತು ಬರೆದ ಕೊನೆಯ ಅಧ್ಯಾಯ!

*ಓದಿಬಿಟ್ಟರೆ ಎಲ್ಲರೂ ಅತ್ತು, ಸಮಾಧಾನವಾಗಿ ಮನೆಗೆ ಹೋಗ್ತಾರೆ. ಯಾರಿಗೆ ಗೊತ್ತಾಗುತ್ತೆ?*

"ಆ ಪುಸ್ತಕ ಇಲ್ಲ ಅಲ್ವಾ?"

ಅವಳು ಬೆಚ್ಚಿ ತಿರುಗಿದಳು. ಅಡುಗೆಮನೆಯ ಬಾಗಿಲಲ್ಲಿ ಇಲ್ಯಾಸ್, ಕೈಯಲ್ಲಿ ಅವನ ತಟ್ಟೆ.

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಬೇಕಾಗಿಲ್ಲ. ಅವರ ನೋಟ್‌ಬುಕ್‌ಗಳನ್ನ ಕಪಾಟಿನಲ್ಲಿ ಜೋಡಿಸಿಟ್ಟವನು ನಾನು. ಆರನೆಯದರಲ್ಲಿ ಇದ್ದಿದ್ದು ಮೂರೇ ಪುಟ."

"ಸುಳ್ಳು! ನೀನು ಈ ಮನೆ ಮೆಟ್ಟಿಲು ಹತ್ತಿದ್ದೇ ಇವತ್ತು!"

"ನೀವು ಬರ್ತಿದ್ದಿದ್ದು ಶುಕ್ರವಾರ," ಎಂದನು ಇಲ್ಯಾಸ್. "ನೇಯ್ಗೆ ಅಂಗಡಿಗೆ ರಜೆ ಇದ್ದಾಗ. ನಾನು ಬುಧವಾರ."

ಅವಳ ಕೈಯಲ್ಲಿದ್ದ ತಟ್ಟೆ ಬಚ್ಚಲಿಗೆ ಜಾರಿತು.

ಬುಧವಾರದವನು!

"ಬುಧವಾರದವನ ಕೈಗುಣ ಚೆನ್ನಾಗಿದೆ" ಎಂದು ಲಲ್ಲಾ ಆಗಾಗ ಹೇಳುತ್ತಿದ್ದಳು. ಸೂಜಿ ಚುಚ್ಚಲು ಬರುವವನಿರಬೇಕು ಎಂದುಕೊಂಡಿದ್ದಳು ದುರ್ಸಾಫ್. ಕಿಟಕಿಯ ಚಿಲಕ ಸರಿಮಾಡಿ ಹೋಗುವವನು. ತಲೆದಿಂಬಿನ ಬಳಿ ಮಲ್ಲಿಗೆ ಮೊಗ್ಗಿನ ಪುಟ್ಟ ಗೊಂಚಲು ಇಟ್ಟು ಹೋಗುವವನು. ಮಾತ್ರೆ ಡಬ್ಬಿಗಳ ಮೇಲೆ ದುಂಡಗಿನ ಅಕ್ಷರದಲ್ಲಿ ತಮಾಷೆ ಬರೆಯುವವನು. ಅವಳೂ ಅದರ ಕೆಳಗೆ ಉತ್ತರ ಬರೆದಿದ್ದಳು. ಮೂರು ವರ್ಷ! ಯಾವ ಉತ್ತರ ಬಂದಿರಬಹುದೆಂದು ಗುರುವಾರವೆಲ್ಲ ನೇಯುತ್ತ ನೇಯುತ್ತ ಯೋಚಿಸಿದ್ದಳು...

"ಇಲ್ಲ," ಎಂದಳು. "ನೀನಲ್ಲ."

"'ಬಿಳಿ ಮಾತ್ರೆ, ಊಟದ ನಂತರ, ಕೋಪದ ಮೊದಲು' ಅಂತ ನಾನು ಬರೆದೆ. 'ಈ ಮನೇಲಿ ಕೋಪ ಊಟಕ್ಕೂ ಮೊದಲೇ ಬರುತ್ತೆ' ಅಂತ ನೀವು ಬರೆದ್ರಿ. ಮೊಕ್ನೀನ್‌ನ ಔಷಧಿ ಅಂಗಡೀಲಿ ಕೆಲಸ ನನ್ನದು. ಡಬ್ಬಿ ಮೇಲೆ ಬರೆಯೋದು ಅಭ್ಯಾಸ."

"ಆ ಪತ್ರ ಬರೆದ ಕೈಯಲ್ಲೇ?"

"ಅದೇ ಕೈಯಲ್ಲಿ." ಅವನ ದನಿ ಕುಗ್ಗಿತು. "ಕ್ಷಮೆ ಕೇಳೋಕೆ ಬಂದೆ. ಲಲ್ಲಾ ಬಾಗಿಲು ತೆಗೆದು, ಒಂದು ಬುಟ್ಟಿ ಬಟಾಣಿ ಮುಂದಿಟ್ಟು 'ಮೊದಲು ಇದನ್ನ ಸುಲಿ' ಅಂದ್ರು. ಸುಲಿದೆ. ಮುಂದಿನ ಬುಧವಾರನೂ ಬಾ ಅಂದ್ರು. ನಿಮಗೆ ಹೇಳೋಣ ಅಂದಾಗೆಲ್ಲ ಬೇಡ ಅಂದ್ರು. ಅವಳಿಗೆ ಗೊತ್ತಾದ್ರೆ ಕೋಪಕ್ಕೆ ಈ ಮನೆ ಗೋಡೆನೂ ಉಳಿಯಲ್ಲ ಅಂತ."

"ನಾಟಕ! ನೀನು ಅವರ ನೆಮ್ಮದಿ ಕಿತ್ತುಕೊಂಡೆ. ಆಮೇಲೆ ಮಾತ್ರೆ ಕೊಟ್ಟು ಒಳ್ಳೆಯವನಾದೆ!"

"ಹೌದು. ಕಿತ್ತುಕೊಂಡೆ. ಆದರೆ ಆ ಪತ್ರಕ್ಕೆ ಮೊಟ್ಟಮೊದಲ ಹೃದಯದ ಗುರುತು ಒತ್ತಿದವರು ಯಾರು ಅಂತ ನೆನಪಿದೆಯಾ?"

ಅವಳು ಬಚ್ಚಲಿಗೆ ಬಗ್ಗಿ ತಟ್ಟೆ ಎತ್ತಿದಳು.

ನೆನಪಿತ್ತು. ಎಷ್ಟೋ ಸಲ ಅಳಿಸಿಹಾಕಲು ಹೋಗಿ, ಅಳಿಸಿದರೆ ಯಾರಾದರೂ ಗಮನಿಸುತ್ತಾರೆಂದು ಹೆದರಿ ಬಿಟ್ಟಿದ್ದಳು. ಅವಳೂ ಕಾಯುತ್ತಿದ್ದಳಲ್ಲ! ಇಪ್ಪತ್ತೆರಡರ ಹುಡುಗಿ, ಸಿಟ್ಟಿನಿಂದ ಕುದಿಯುತ್ತ, ಸರಿಯಾಗಿ ಬರೆದ ಎಂದು ಒತ್ತಿಬಿಟ್ಟಿದ್ದಳು...

"ಲಲ್ಲಾಗೆ ಹೇಳಿದ್ಯಾ?" ಎಂದು ಕೇಳಿದಳು.

"ಇಲ್ಲ. ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ."

ಹೊರಗೆ ಯಾರೋ ಕೂಗಿದರು, "ಸಂಜೆ ಏಳೂವರೆಗೆ ನನ್ನ ಕೊನೆ ರೈಲು! ಈಗಲೇ ಓದಿಬಿಡಮ್ಮ!" ಇನ್ನಷ್ಟು ದನಿಗಳು ಸೇರಿಕೊಂಡವು. ಚಪ್ಪಾಳೆ ಶುರುವಾಯಿತು.

ದುರ್ಸಾಫ್ ಚೀಲದಿಂದ ಹಾಳೆಗಳನ್ನು ತೆಗೆದಳು. ಇಲ್ಯಾಸ್ ಮೊದಲ ಹಾಳೆಯ ಮೇಲೆ ಕಣ್ಣಾಡಿಸಿದ.

"ಚೆನ್ನಾಗಿದೆ. ನಂಬ್ತಾರೆ."

"ವ್ಯಂಗ್ಯನಾ?"

"ಅಲ್ಲ. ನಿಜವಾಗ್ಲೂ ನಂಬ್ತಾರೆ. ಓದೋದಾದ್ರೆ ಓದಿ, ನಾನು ಬಾಯಿ ಬಿಡಲ್ಲ." ಅವನು ಒಂದು ಕ್ಷಣ ತಡೆದ. "ಇನ್ನೊಂದು ದಾರಿನೂ ಇದೆ. ಪುಸ್ತಕ ಇತ್ತು, ನಾನು ಸುಟ್ಟುಹಾಕಿದೆ ಅಂತ ಹೇಳಿ."

"ಏನು?!"

"ನನ್ನನ್ನ ಹೇಗೂ ದ್ವೇಷಿಸ್ತಾರೆ. ಇನ್ನೊಂದು ಹಿಡಿ ಹೆಚ್ಚಾದ್ರೆ ಏನಾಯ್ತು? ಅವರು ನಿಮ್ಮನ್ನ ದ್ವೇಷಿಸೋದನ್ನ ನೋಡೋಕೆ ನನ್ನಿಂದಾಗಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ.

*ಎಷ್ಟು ಸುಲಭ! ಹಮ್ಮಾದಿ ಅಣ್ಣ ಅವನ ಕೊರಳು ಹಿಡೀತಾರೆ. ನಾನು ಇಲ್ಲೇ ನಿಂತು ನೋಡ್ತಿದ್ರೆ ಸಾಕು...*

"ನಾಲ್ಕು ವರ್ಷ ಇಲ್ಯಾಸ್‌ನ ದ್ವೇಷಿಸಿದೆ," ಎಂದಳು ನಿಧಾನವಾಗಿ. "ಮೂರು ವರ್ಷ ಬುಧವಾರದವನನ್ನ... ಕಾದೆ. ಈಗ ಇಬ್ಬರದೂ ಒಂದೇ ಮುಖ. ನಾನೇನು ಮಾಡಲಿ ಹೇಳು?"

ಇಲ್ಯಾಸ್ ತಟ್ಟೆಯನ್ನು ಕೆಳಗಿಟ್ಟ.

"ಕಥೆ ಹೇಳೋಕೆ ತಾನೆ ಕತ್ತಲು ಬೇಕು, ನಿಜ ಹೇಳೋಕೆ ಬೇಡವಲ್ಲ," ಎಂದಳು ಅವಳೇ. ಹನ್ನೆರಡು ಹಾಳೆಗಳನ್ನು ಮಡಚಿ ಒಲೆಯ ಉರಿಗೆ ಹಿಡಿದಳು. ಬೆರಳು ಸುಡುವವರೆಗೂ ಬಿಡಲಿಲ್ಲ.

ಅಂಗಳದಲ್ಲಿ ಮೂರು ಗಂಟೆಯ ಬಿಸಿಲು. ಅವಳನ್ನು ಕಂಡೊಡನೆ ಚಪ್ಪಾಳೆ ಜೋರಾಯಿತು.

"ಆರನೆಯ ಪುಸ್ತಕ ಇಲ್ಲ!"

ಚಪ್ಪಾಳೆ ಒಂದೊಂದಾಗಿ ನಿಂತಿತು.

"ನಾನು ಸುಳ್ಳು ಹೇಳಿದ್ದೆ. ಲಲ್ಲಾ ಅದನ್ನ ಮುಗಿಸಲಿಲ್ಲ. ಮುಗಿಸೋದು ಹೇಗೆ ಅಂತ ಅವರಿಗೇ ಗೊತ್ತಾಗಲಿಲ್ಲ. ಇದನ್ನ ನಿಮಗೆ ಹೇಳ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೆ. ಇಲ್ಯಾಸ್ ಪತ್ರಕ್ಕೆ ಬೈತೀರಲ್ಲ, ಅದಕ್ಕೆ ಮೊದಲು ಭೇಷ್ ಅಂದವಳೂ ನಾನೇ."

ಒಬ್ಬಾಕೆ ಕುಸಿದು ಕೂತು ಅತ್ತಳು. ಯಾರೋ "ಥೂ!" ಎಂದರು. ಹಿಂದಿನಿಂದ ಐದನೆಯ ಪುಸ್ತಕವೊಂದು ಹಾರಿಬಂದು ಅವಳ ಭುಜಕ್ಕೆ ಬಡಿಯಿತು. ಅವಳು ಕದಲಲಿಲ್ಲ.

ಹಮ್ಮಾದಿ ಹತ್ತಿರ ಬಂದ. ಅವನ ಕಣ್ಣು ಕೆಂಪಾಗಿತ್ತು.

"ಆರು ತಿಂಗಳು, ತಂಗಿ! ಆರು ತಿಂಗಳು ನನ್ನ ಟ್ಯಾಕ್ಸಿ ಹತ್ತಿದೋರಿಗೆಲ್ಲ ಮುಗಿದಿದೆ, ಮುಗಿದಿದೆ ಅಂತ ಹೇಳ್ಕೊಂಡು ತಿರುಗಿದೆ. ನಿನ್ನನ್ನ ನಾನು ಕ್ಷಮಿಸಲ್ಲ."

"ಕ್ಷಮಿಸಬೇಡಿ ಅಣ್ಣ."

ಅವನು ಕೆಳಗೆ ಬಿದ್ದ ಪುಸ್ತಕ ಎತ್ತಿ, ಧೂಳು ಒರೆಸಿ, ಎದೆಗೊತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತ. ಆ ದೊಡ್ಡ ಬೆನ್ನು ಅಲುಗುತ್ತಿತ್ತು.

ಮನೆಯೊಳಗೆ ಜಾಗ ಸಾಲದೆ ಹೊರಗೆ ಗಲ್ಲಿಯಲ್ಲಿ ಕೂತವರು ಇನ್ನೂ ನಲವತ್ತು ಜನರಿದ್ದರು. ಅವರಿಗೆ ಗದ್ದಲ ಮಾತ್ರ ಕೇಳಿಸಿತ್ತು. "ಏನಂತೆ? ಓದಿದ್ರಾ?" ಎಂದು ಕತ್ತು ಚಾಚುತ್ತಿದ್ದರು.

ದುರ್ಸಾಫ್ ಬೀದಿಬಾಗಿಲಿನ ಹೊಸ್ತಿಲವರೆಗೆ ಹೋದಳು. ಅಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಹಿಂದಿನಿಂದ ಬಂದ ಇಲ್ಯಾಸ್ ಒಂದು ಮೆಟ್ಟಿಲು ಕೆಳಗೆ ನಿಂತ.

"ಇವರಿಗೆ ನಾನು ಹೇಳಲಾ?"

"ಬೇಡ. ಕೊಟ್ಟ ಮಾತು ನನ್ನದು." ಅವಳು ಅವನ ಕಡೆ ನೋಡದೆ ಕೇಳಿದಳು, "ಹೋಗ್ಬಿಡ್ತೀಯಾ?"

"ಎಲ್ಲಿಗೆ?"

"ನನ್ನಂಥವಳನ್ನ ಬಿಟ್ಟು. ಎಲ್ಲರೂ ಬೆನ್ನು ತಿರುಗಿಸ್ತಿದ್ದಾರಲ್ಲ."

"ಮೂರು ವರ್ಷ ನಿನ್ನ ಒಂದೊಂದು ಸಾಲಿಗೆ ಆರಾರು ದಿನ ಕಾದಿದ್ದೀನಿ ದುರ್ಸಾಫ್. ಈಗ ಪಕ್ಕದಲ್ಲೇ ನಿಂತಿದ್ದೀಯ. ಹೋಗ್ತೀನಾ?"

ಮೊದಲ ಬಾರಿ ಅವನು 'ನೀನು' ಎಂದಿದ್ದ. ಅವಳು ಕಣ್ಣೊರೆಸಿಕೊಂಡಳು.

"ನಿನ್ನ ಮೇಲಿನ ಕೋಪ ಇನ್ನೂ ಹೋಗಿಲ್ಲ, ಗೊತ್ತಾಯ್ತಾ?"

"ಗೊತ್ತಾಯ್ತು. ಇರಲಿ."

"ಇಲ್ಲೇ ನಿಂತಿರು."

"ನಿಂತಿದ್ದೀನಿ."

ಅವಳು ಗಲ್ಲಿಯ ಕಡೆ ತಿರುಗಿದಳು. ಕೊನೆಯಲ್ಲಿ ಗೋಡೆಗೊರಗಿದ್ದ ಮುದುಕನಿಗೂ ಕೇಳಿಸಲೆಂದು, ಎದೆ ತುಂಬ ಉಸಿರೆಳೆದುಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ.

ಮುದುಕ ಕೈಯನ್ನು ಕಿವಿಗಿಟ್ಟು ಕೇಳಿಸಿಕೊಂಡ. ಆಮೇಲೆ ನಡುಗುವ ದನಿಯಲ್ಲಿ ಕೇಳಿದ:

"ಹಾಗಾದ್ರೆ ಕಡಲು ಮಾತಾಡಿತೋ ಇಲ್ವೋ, ಯಾರಿಗೂ ಗೊತ್ತಿಲ್ವಾ ಮಗಳೇ?"

"ಗೊತ್ತಿಲ್ಲ ಅಜ್ಜ," ಎಂದಳು ದುರ್ಸಾಫ್. "ಯಾರಿಗೂ ಗೊತ್ತಿಲ್ಲ."