ಆಮೇಲೆ ಎಂಬ ಬೀಚು

"ಮೇಡಂ, ಮೊದಲನೇ ದಿನ ನಮಗೆ 'ಆಮೇಲೆ' ಬೇಕು."

ಮದುವೆ ಗೊತ್ತಾದ ಆ ಹುಡುಗಿ ಹೀಗೆ ಹೇಳಿದಾಗ ಮೇಜಿನ ಈಚೆ ಕೂತಿದ್ದ ಅವಳಿಗೆ ನಗು ಬಂತು. ಪ್ರವಾಸದ ಆಫೀಸಿನ ಆ ಮೇಜಿನ ಮುಂದೆ ಕೂತವರು ಇದಕ್ಕಿಂತ ವಿಚಿತ್ರವಾದ ಬೇಡಿಕೆಗಳನ್ನೂ ಇಟ್ಟಿದ್ದರು. ಅಲೆಯೇ ಇಲ್ಲದ ಸಮುದ್ರ ಬೇಕು ಎಂದವರುಂಟು. ಮರಳು ಕಾಲಿಗೆ ಅಂಟದ ಬೀಚು ಯಾವುದು ಎಂದು ಕೇಳಿದವರೂ ಉಂಟು.

"ಮೊದಲನೇ ದಿನಕ್ಕೆ ಏನು ಬೇಕು ಹೇಳಿ, ಆಮೇಲಿಂದು ಆಮೇಲೆ ನೋಡೋಣ," ಎಂದಳು ಪೆನ್ನಿನ ಮುಚ್ಚಳ ತೆಗೆಯುತ್ತ.

"ಅದೇ ಮೇಡಂ, ಆಮೇಲೆ. ಬೀಚಿನ ಹೆಸರೇ ಅದು!"

ಮುಚ್ಚಳ ಕೈಜಾರಿ ಮೇಜಿನ ಕೆಳಗೆ ಉರುಳಿತು. ಹುಡುಕುವ ನೆಪದಲ್ಲಿ ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು. ಆ ಹೆಸರು ಇಡೀ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಈಗ ಮೇಜಿನ ಕೆಳಗಿದ್ದಳು. ಇನ್ನೊಬ್ಬ ಇದೇ ಆಫೀಸಿನ ಕೊನೆಯ ಕೋಣೆಯಲ್ಲಿ ಕ್ಯಾಮೆರಾ ಒರೆಸುತ್ತ ಕೂತಿದ್ದ.

"ನಿಮಗೆ ಯಾರು ಹೇಳಿದ್ರು ಇದನ್ನ?"

"ಯಾರಾದ್ರೂ ಯಾಕೆ ಹೇಳ್ಬೇಕು? ಬೆಳಿಗ್ಗೆ ನಿಮ್ಮ ಆಫೀಸಿನ ಪೇಜಲ್ಲೇ ಹಾಕಿದ್ದಾರಲ್ಲ! ನಿಮಗೇ ಗೊತ್ತಿಲ್ವಾ?" ಹುಡುಗಿ ಫೋನು ಮುಂದೆ ಹಿಡಿದಳು.

ಹೊಸ ಪುಸ್ತಕದ ಮುಖಪುಟ. ಎರಡು ಕರಿಬಂಡೆಗಳು, ನಡುವೆ ಒದ್ದೆ ಮರಳು, ಮರಳಿನ ಮೇಲೆ ಅಕ್ಕಪಕ್ಕ ನೀರಿನತ್ತ ಸಾಗಿದ ಎರಡು ಸಾಲು ಹೆಜ್ಜೆಗಳು. ಮೇಲೆ ದಪ್ಪ ಅಕ್ಷರದಲ್ಲಿ 'ಆಮೇಲೆ'. ಕೆಳಗೆ ಸಣ್ಣದಾಗಿ, 'ಇಬ್ಬರಿಗೆ ಮಾತ್ರ'.

"ಎಷ್ಟು ಮುದ್ದಾಗಿದೆ ಅಲ್ವಾ ಮೇಡಂ? ನಮ್ಮವರಂತೂ ನೋಡಿದ್ದೇ ತಡ, ಹೋದ್ರೆ ಇಲ್ಲಿಗೇ ಅಂತ ಹಠ ಹಿಡಿದು ಕೂತಿದ್ದಾರೆ."

"ಮುದ್ದಾಗಿದೆ," ಎಂದಳು.

ಆಫೀಸಿನಲ್ಲಿ ಅವಳಿಗೆ ಟೈಂಟೇಬಲ್ ಎಂದೇ ಹೆಸರು. ಯಾವ ಬೀಚಿಗೆ ಬೆಳಿಗ್ಗೆ ಹೋಗಬೇಕು, ಯಾವುದಕ್ಕೆ ಸಂಜೆ, ಎಲ್ಲಿ ನೆರಳಿದೆ, ಎಲ್ಲಿ ಬಟ್ಟೆ ಬದಲಿಸಲು ಜಾಗವಿದೆ, ಎಲ್ಲಿ ಮಕ್ಕಳನ್ನು ನೀರಿಗೆ ಬಿಡಬಾರದು, ಎಲ್ಲವೂ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅವನು ಫೋಟೋಗ್ರಾಫರ್. ತಿನ್ನುವ ತಟ್ಟೆಯನ್ನೂ ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸದಿಂದಾಗಿ ಅವನಿಗೆ ಫೋಕಸ್ ಎಂದು ಹೆಸರು ಬಿದ್ದಿತ್ತು. ಕರಾವಳಿಯ ಉದ್ದಕ್ಕೂ ಸುತ್ತಿ ಅತ್ಯುತ್ತಮವಾದ ಹತ್ತು ಬೀಚುಗಳನ್ನು ಆರಿಸಿ ಪುಸ್ತಕ ಮಾಡಿ ಎಂದು ಯಜಮಾನರು ಇಬ್ಬರನ್ನೂ ಒಂದೇ ವ್ಯಾನಿಗೆ ಹತ್ತಿಸಿದರು. ಬೀಚು ಆರಿಸಲು ಹೋದವರು ಒಬ್ಬರನ್ನೊಬ್ಬರು ಆರಿಸಿಕೊಂಡು ಬಂದಾರು ಎಂದು ಪಾಪ ಅವರಿಗೇನು ಗೊತ್ತು!

ಮೊದಮೊದಲು ಬರೀ ಜಗಳ.

"ಈ ಬೀಚಿಗೆ ಸಂಜೆನೇ ಬರ್ಬೇಕು," ಎನ್ನುತ್ತಿದ್ದ ಅವನು. "ಆಗಿನ ಬೆಳಕು ಜೇನು ಸುರಿದ ಹಾಗಿರುತ್ತೆ."

"ಸಂಜೆ ಇಲ್ಲಿ ಸೊಳ್ಳೆ. ಜೇನು ನೀನೇ ನೆಕ್ಕೋ. ಜನ ಬೆಳಿಗ್ಗೆ ಬರ್ಲಿ."

"ನಿನಗೆ ಚಂದ ಅಂದ್ರೇನು ಅಂತಾನೇ ಗೊತ್ತಿಲ್ಲ."

"ಗೊತ್ತಿಲ್ದೇ ಏನು? ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತ್ಕೊಂಡು ನೋಡ್ತಾ ಇಲ್ವಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ಕೆಮ್ಮಿದ. ಅವನು ಕ್ಯಾಮೆರಾ ಕೆಳಗಿಳಿಸಿ, ಮೊದಲ ಬಾರಿಗೆ ಎರಡೂ ಕಣ್ಣು ತೆರೆದು ಅವಳನ್ನು ನೋಡಿದ. ಆ ನೋಟಕ್ಕೆ ಎಲ್ಲಿ ಮುಖ ಮುಚ್ಚಿಕೊಳ್ಳುವುದೆಂದು ತಿಳಿಯದೆ ಅವಳು ಸೊಳ್ಳೆ ಓಡಿಸಿದಳು. ಅದು ಮಧ್ಯಾಹ್ನದ ಹೊತ್ತು, ಸೊಳ್ಳೆ ಒಂದೂ ಇರಲಿಲ್ಲ.

ಅವಳದು ಚಪ್ಪಟೆ ಪಾದ. ಒದ್ದೆ ಮರಳಿನಲ್ಲಿ ಕಾಲಿಟ್ಟರೆ ಅಂಗಾಲು ಇಡಿಯಾಗಿ ಮೂಡುತ್ತಿತ್ತು. "ಇಸ್ತ್ರಿಪೆಟ್ಟಿಗೆ ಹೋಗ್ತಾ ಇದೆ, ದಾರಿ ಬಿಡಿ," ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ಅವಳೂ ಬಿಡುವವಳಲ್ಲ. ಚಿಕ್ಕಂದಿನಲ್ಲಿ ಫುಟ್‌ಬಾಲ್ ಆಡಿ ಬಿದ್ದು ಅವನ ಬಲಗಾಲು ಕೊಂಚ ಹೊರಕ್ಕೆ ತಿರುಗಿತ್ತು. "ನಿನ್ನ ಎಡಗಾಲು ಸಮುದ್ರಕ್ಕೆ ಹೊರಟಿದೆ, ಬಲಗಾಲು ಮನೆಗೆ ವಾಪಸ್ ಹೋಗ್ತಿದೆ. ಯಾವುದಾದ್ರೂ ಒಂದು ತೀರ್ಮಾನ ಮಾಡ್ಕೋ ಮಾರಾಯ," ಎನ್ನುತ್ತಿದ್ದಳು.

ಆ ಪುಟ್ಟ ಬೀಚು ಕಂಡದ್ದು ಒಂದು ಗುಡ್ಡದ ಮೇಲಿಂದ. ನೀರಿಳಿದಾಗ ಮಾತ್ರ ಅಲ್ಲಿ ಮರಳು. ನೀರೇರಿದರೆ ಬಂಡೆಯೇ ಗತಿ. ಪ್ರತಿ ಸಲವೂ ಒಂದಲ್ಲ ಒಂದು ಅಡ್ಡಿ. ನೀರು ಏರಿರುತ್ತಿತ್ತು, ಇಲ್ಲವೇ ಬೆಳಕು ಹೋಗಿರುತ್ತಿತ್ತು, ಎರಡೂ ಸರಿಯಿದ್ದ ದಿನ ಡ್ರೈವರಣ್ಣ ಹಸಿವು ತಡೆಯದೆ ಹಾರ್ನ್ ಒತ್ತುತ್ತಿದ್ದ. "ಆಮೇಲೆ ಇಳಿಯೋಣ" ಎಂದು ಹೇಳಿ ಹೇಳಿಯೇ ಆ ಬೀಚಿಗೆ ಆಮೇಲೆ ಎಂಬ ಹೆಸರು ಬಂತು.

"ಇದನ್ನ ಪುಸ್ತಕಕ್ಕೆ ಹಾಕೋದು ಬೇಡ," ಎಂದವನು ಅವನೇ. ಗುಡ್ಡದ ಮೇಲೆ ಗಾಳಿಗೆ ಹಾರುತ್ತಿದ್ದ ಅವಳ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸುತ್ತ ಹೇಳಿದ್ದ. "ಮದುವೆ ಆದ್ಮೇಲೆ ಇಳಿಯೋಣ. ಇಬ್ರೂ ಒಟ್ಟಿಗೇ. ಒಬ್ಬರೇ ಇಳಿಯೋ ಹಾಗಿಲ್ಲ, ಸರಿನಾ?"

"ನಿನ್ನ ಬಲಗಾಲು ಒಪ್ಪುತ್ತಾ?"

"ಅದಕ್ಕೂ ಹೇಳಿಟ್ಟಿರ್ತೀನಿ."

ಊರವರ ಪ್ರವಾಸಗಳನ್ನೆಲ್ಲ ಗಂಟೆ ಗಂಟೆಗೆ ಜೋಡಿಸಿಡುವ ಅವಳು ತನಗೆಂದು ಇಟ್ಟುಕೊಂಡದ್ದು ಆ ಒಂದೇ ಪ್ರವಾಸ. ಅದಕ್ಕೆ ಯಾವ ಯೋಜನೆಯೂ ಇರಲಿಲ್ಲ. ಅಂದಿನಿಂದ ಮನೆಯಲ್ಲಿ ಅಮ್ಮ ಊಟಕ್ಕೆ ಕರೆದಾಗ "ಆಮೇಲೆ" ಎನ್ನುವಾಗಲೂ ತುಟಿಯಂಚಿನಲ್ಲಿ ಒಂದು ನಗು ಇಣುಕುತ್ತಿತ್ತು. ಅಮ್ಮನಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಆಫೀಸಿನಲ್ಲಿ ಆ ಪದ ಹೇಳುವಾಗ ಅವನು ಎದುರಿಗಿದ್ದರೆ ಮಾತ್ರ ಆ ನಗುವನ್ನು ಕಂಡುಹಿಡಿದುಬಿಡುತ್ತಿದ್ದ.

ಈಗ ಆ ಮರಳು ಫೋನಿನಲ್ಲಿತ್ತು. ಒಂದು ಸಾಲಿನಲ್ಲಿ ದೊಡ್ಡ ಪಾದಗಳು. ಪಕ್ಕದ ಸಾಲಿನವು ಸಣ್ಣವು, ನಾಜೂಕು, ನಡುವೆ ಚಂದದ ಬಳುಕು. ಇಸ್ತ್ರಿಪೆಟ್ಟಿಗೆಯಲ್ಲ.

ಹಾಗಾದರೆ ಯಾರವಳು?

"ಒಂದು ನಿಮಿಷ ಕೂತಿರಿ," ಎಂದು ಹುಡುಗಿಗೆ ಹೇಳಿ ಎದ್ದಳು. ಕೊನೆಯ ಕೋಣೆಯವರೆಗಿನ ಪ್ಯಾಸೇಜು ಅಷ್ಟು ಉದ್ದವಿದೆಯೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಬೈಗುಳಗಳೆಲ್ಲ ಬಾಯಿಗೆ ಬಂದು ಸಾಲಾಗಿ ನಿಂತಿದ್ದವು.

ಅವನ ದೊಡ್ಡ ಪರದೆಯ ಮೇಲೆ ಅದೇ ಫೋಟೋ ಗೋಡೆಯಗಲಕ್ಕೆ ಹರಡಿತ್ತು. ಅವನು ತಿರುಗಿ ನಕ್ಕ. "ನೋಡಿಬಿಟ್ಯಾ? ಸಂಜೆ ಸರ್‌ಪ್ರೈಸ್ ಕೊಡೋಣ ಅಂತಿದ್ದೆ. ಕವರ್ ನನಗೇ ಸಿಕ್ತು ಕಣೇ!"

ಅವಳು ಪರದೆಯ ಹತ್ತಿರ ಹೋದಳು. ದೊಡ್ಡ ಪಾದದ ಸಾಲಿನಲ್ಲಿ ಬಲಗಾಲು ಹೊರಕ್ಕೆ ತಿರುಗಿತ್ತು. ಅದು ಗೊತ್ತಿದ್ದದ್ದೇ. ಸಣ್ಣ ಪಾದದ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಹೆಜ್ಜೆ ಮುಂದಕ್ಕೆ ಹೋದಳು. ಅಲ್ಲಿಯೂ ಬಲಗಾಲು ಹೊರಕ್ಕೇ ತಿರುಗಿತ್ತು. ಒಂದರಲ್ಲಲ್ಲ, ಎಲ್ಲದರಲ್ಲೂ.

"ಎರಡೂ ನಿಂದೇ," ಎಂದಳು.

"ಮತ್ತಿನ್ಯಾರದ್ದು ಅಂದ್ಕೊಂಡೆ?" ಅವನು ಅವಳ ಮುಖ ನೋಡಿದ. ವಿಷಯ ಹೊಳೆದು ಜೋರಾಗಿ ನಕ್ಕುಬಿಟ್ಟ. "ಅಯ್ಯೋ ಹುಚ್ಚಿ! ಬೇರೆ ಹುಡುಗಿ ಅಂದ್ಕೊಂಡ್ಯಾ? ನಾನೇ ಎರಡು ಸಲ ನಡೆದೆ. ಎರಡನೇ ಸಲ ಬೆರಳು ಮಡಚಿಕೊಂಡು, ಮೆಲ್ಲಗೆ, ಹುಡುಗಿ ಥರ. ಕಾಲು ಉಳುಕೋದೊಂದು ಬಾಕಿ. ನಿನ್ನಾಣೆ, ಅಲ್ಲಿ ನಾನೊಬ್ಬನೇ ಇದ್ದಿದ್ದು!"

ತಾನು ಎಷ್ಟು ಒಳ್ಳೆಯ ಸುದ್ದಿ ಹೇಳಿದೆ ಎಂಬ ಸಮಾಧಾನ ಅವನ ಮುಖದ ತುಂಬ ಇತ್ತು. ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು. ಸಾಲಾಗಿ ನಿಂತಿದ್ದ ಬೈಗುಳಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರುವ ಹಾಗಿರಲಿಲ್ಲ.

"ಯಾಕೆ ಹೋದೆ?"

"ಹೆಡ್ಡಾಫೀಸಿನವರಿಗೆ ಹತ್ತು ಬೀಚಲ್ಲಿ ಒಂದೂ ಕವರಿಗೆ ಹಿಡಿಸ್ಲಿಲ್ಲ. ಎಲ್ಲಾ ನೋಡಿದ ಹಾಗೇ ಇದೆ ಅಂದ್ರು. ಕವರ್ ಬೇರೆಯವನ ಪಾಲಾಗೋದ್ರಲ್ಲಿತ್ತು."

"ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅದು ಗೊತ್ತಿದ್ದೇ ಹೋದೆ."

ಅವನು ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿದ, ಬಿಚ್ಚಿದ.

"ಹೆಸರೂ ಕೊಟ್ಯಾ?"

"ಕೇಳಿದ್ರು. ಬೇರೆ ಏನೂ ಹೊಳೀಲಿಲ್ಲ." ಆಮೇಲೆ ತಡೆಯಲಾರದೆ ಹೇಳಿಬಿಟ್ಟ, "ಅವರಿಗೆ ಹೆಸರು ಎಷ್ಟು ಇಷ್ಟ ಆಯ್ತು ಗೊತ್ತಾ?"

ಅವಳ ಕಣ್ಣು ತುಂಬಿಬಂತು. "ಬೇರೆ ಹುಡುಗಿ ಕರ್ಕೊಂಡು ಹೋಗಿದ್ರೆ ನಿನ್ನ ಜುಟ್ಟು ಹಿಡ್ಕೊಂಡು ಜಗಳ ಆಡ್ತಿದ್ದೆ ಕಣೋ. ಅತ್ತು, ಬೈದು, ಹೇಗೋ ಒಂದು ಮಾಡ್ಕೋತಿದ್ದೆ. ನಾನು ನಡೀಬೇಕಾಗಿದ್ದ ಜಾಗದಲ್ಲಿ ನೀನೇ ನಡೆದುಬಿಟ್ಯಲ್ಲ! ನನ್ನ ಹೆಜ್ಜೆನೂ ನೀನೇ ಹಾಕಿದ್ಮೇಲೆ ನಾನು ಇನ್ಯಾಕೆ ಬೇಕು ನಿನಗೆ?"

"ಒಂದು ಫೋಟೋಗೆ ಇಷ್ಟೊಂದಾ?" ಎಂದ ಅವನು. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವಳಿಗೆ ಚುಚ್ಚಿದ್ದು ಅದೇ.

ಅಂದಿನಿಂದ ಅವಳಿಗೊಂದು ವಿಚಿತ್ರ ಕಾಯಿಲೆ ಹತ್ತಿಕೊಂಡಿತು. ಆಮೇಲೆ ಎಂಬ ಪದ ಬಾಯಿಂದ ಹೊರಡುತ್ತಿರಲಿಲ್ಲ. ಹೇಳಲು ಹೋದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆ ಪದವಿಲ್ಲದೆ ಒಂದು ದಿನ ಕಳೆಯುವುದೆಷ್ಟು ಕಷ್ಟ ಎಂದು ಬೇಕಾದರೆ ನೀವೇ ಪರೀಕ್ಷಿಸಿ ನೋಡಿ. ಫೋನು ಬಂದರೆ "ನಂತರ ಮಾಡ್ತೀನಿ" ಎಂದಳು. ಟೀ ತಂದರೆ "ನಂತರ ಕುಡೀತೀನಿ" ಎಂದಳು. ಮನೆಯಲ್ಲಿ "ನಂತರ ಊಟ ಮಾಡ್ತೀನಿ" ಎಂದಾಗ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಇದೇನೇ ಇದು, ರೇಡಿಯೋದಲ್ಲಿ ವಾರ್ತೆ ಓದೋರ ಥರ ನಂತರ, ನಂತರ ಅಂತೀಯ? ಮೈ ಸರಿಯಿದೆ ತಾನೇ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಒಂದು ಮಾಮೂಲಿ ಪದ. ಹುಟ್ಟಿದಾಗಿನಿಂದ ಬಾಯಲ್ಲಿದ್ದದ್ದು. ಅವನು ಕೊಂಡೊಯ್ದು ಮುಖಪುಟಕ್ಕೆ ಅಂಟಿಸಿಬಿಟ್ಟಿದ್ದ.

ಇಷ್ಟಾದರೂ ಆ ಹುಡುಗಿಯ ಪ್ರವಾಸದ ಕೆಲಸ ಬಾಕಿಯಿತ್ತು. ತಾನು ಕಾಲಿಟ್ಟು ನೋಡದ ಬೀಚಿಗೆ ಯಾರನ್ನೂ ಕಳಿಸಬಾರದು ಎಂಬುದು ಅವಳೇ ಮಾಡಿಕೊಂಡ ನಿಯಮ. ನೀರಿಳಿಯುವ ಹೊತ್ತು ನೋಡಿಕೊಂಡು ಒಂದು ಬೆಳಿಗ್ಗೆ ವ್ಯಾನಿನ ಬಾಗಿಲು ತೆರೆದರೆ, ಅವನು ಆಗಲೇ ಒಳಗೆ ಕೂತಿದ್ದ. ಕ್ಯಾಮೆರಾ ತಂದಿರಲಿಲ್ಲ. ಅವಳು ಇಳಿ ಎನ್ನಲಿಲ್ಲ. ದಾರಿಯುದ್ದಕ್ಕೂ ಡ್ರೈವರಣ್ಣ ಒಬ್ಬನೇ ರಸ್ತೆಯ ಬಗ್ಗೆ ಮಾತಾಡಿಕೊಂಡ.

ಗುಡ್ಡದ ಮೇಲಿಂದ ನೋಡಿದರೆ ಕೆಳಗೆ ಸಂತೆ. ಬಣ್ಣಬಣ್ಣದ ಕೊಡೆ, ಚೆಂಡು, ಚಾಪೆ. ಜೋಡಿಗಳು ಸರದಿಯಲ್ಲಿ ನಿಂತು ಮುಖಪುಟದ ಹಾಗೆಯೇ ಅಕ್ಕಪಕ್ಕ ನಡೆದು ಫೋಟೋ ತೆಗೆಸಿಕೊಳ್ಳುತ್ತಿದ್ದರು. "ಇನ್ನೊಂದ್ಸಲ ನಡಿಯೇ, ನಿಂದು ಸರಿಯಾಗಿ ಮೂಡಿಲ್ಲ," ಎಂದು ಒಬ್ಬ ಗಂಡ ಹೆಂಡತಿಯನ್ನು ಗದರಿಸುವುದು ಮೇಲಿನವರೆಗೂ ಕೇಳಿಸಿತು.

ಅವನು ಇಳಿಜಾರಿನ ತುದಿಯಲ್ಲಿ ನಿಂತ. ಅವಳು ಕರೆಯಲಿ ಎಂದು ಕಾದ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬಳೇ ಇಳಿದಳು.

ಮರಳು ತಣ್ಣಗಿತ್ತು, ನುಣ್ಣಗಿತ್ತು. ಬಲಬಂಡೆಯ ಬುಡದಲ್ಲಿ ಪಾಚಿ, ಜಾರುತ್ತದೆ, ಹುಡುಗಿಗೆ ಹೇಳಬೇಕು. ನೀರೇರುವ ಮುನ್ನ ಮೇಲೆ ಹತ್ತಿಬಿಡಬೇಕು, ಅದನ್ನೂ ಹೇಳಬೇಕು. ತಿರುಗಿ ನೋಡಿದಳು. ಅಷ್ಟೊಂದು ಹೆಜ್ಜೆಗಳ ನಡುವೆ ಅವಳದು ಅಗಲವಾಗಿ, ಇಡಿಯಾಗಿ, ಒರಟಾಗಿ ಮೂಡಿತ್ತು. ಎಲ್ಲಿದ್ದರೂ ಗುರುತು ಸಿಗುವ ಇಸ್ತ್ರಿಪೆಟ್ಟಿಗೆ. ಅದನ್ನು ನೋಡಿ ಅವಳಿಗೆ ತನ್ನ ಮೇಲೆಯೇ ಪ್ರೀತಿ ಬಂತು.

ಅವನು ಇಳಿದು ಬಂದು ಪಕ್ಕದಲ್ಲಿ ನಿಂತ. "ತಪ್ಪಾಯ್ತು," ಎಂದ. "ಈಗ ಗೊತ್ತಾಗ್ತಿದೆ. ಬೇರೆ ಹುಡುಕೋಣ. ಎಷ್ಟು ಉದ್ದದ ಕರಾವಳಿ, ನಮಗೆ ಅಂತ ಇನ್ನೊಂದು ಸಿಗಲ್ವಾ?"

"ಸಿಗುತ್ತೆ," ಎಂದಳು. "ಇನ್ನೊಂದು ಕವರೂ ಬರುತ್ತೆ."

"ಇನ್ಮೇಲೆ ಹಾಗೆ ಮಾಡಲ್ಲ."

"ಮಾಡಲ್ವೇನೋ. ಆದ್ರೆ ನೀನು ಚಂದದ ಜಾಗ ತೋರಿಸಿದಾಗೆಲ್ಲ ನಾನು ಮೊದಲು ನೆಲದ ಮೇಲೆ ಹೆಜ್ಜೆ ಹುಡುಕ್ತೀನಿ. ಹಾಗೆ ಹುಡುಕ್ತಾ ಬದುಕೋಕೆ ನನ್ನಿಂದ ಆಗಲ್ಲ." ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಪ್ರೀತಿ ಇಲ್ಲ ಅಂತಲ್ಲ. ಇದೆ. ಅದು ಹೋಗಿದ್ರೆ ನನಗೂ ಸುಲಭ ಆಗ್ತಿತ್ತು."

ಅವನು ಎರಡೂ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ. ಎರಡೂ ಒದ್ದೆಯಾಗಿದ್ದವು. ನೀರು ಬಂದು ಇಬ್ಬರ ಪಾದ ತೊಳೆದು ಹೋಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಮ್ಮ.

"ಎಲ್ಲಿದ್ದೀಯೇ? ಊಟಕ್ಕೆ ಕಾಯ್ಲಾ?"

"ನೀನು ಮಾಡಿಬಿಡಮ್ಮ. ನಾನು ಬಂದು ಆಮೇಲೆ ಮಾಡ್ತೀನಿ."

ಪದ ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಬಂತು. ಅದನ್ನು ಕೇಳಿ ಅವನು ತಟ್ಟನೆ ತಲೆಯೆತ್ತಿದ. ಅವಳ ತುಟಿಯಂಚನ್ನು ಹುಡುಕಿದ. ಅಲ್ಲಿ ನಗುವಿರಲಿಲ್ಲ. ಅದು ಬರೀ ಊಟದ ಮಾತಾಗಿತ್ತು.