ಜೆರ್ಬಾದ ಕಡಲ್ಗಳ್ಳ

"ಮೇಡಂ ಗೈಡ್, ಇವತ್ತು ಎಷ್ಟು ಜನರನ್ನ ಬಲಿ ಕೊಡೋಕೆ ಕರ್ಕೊಂಡು ಬಂದಿದ್ದೀರಿ?"

ಹಡಗಿನ ಅಂಚಿನಿಂದ ಜಲೇಲ್ ಕೂಗಿದ. ತಲೆಗೆ ಕೆಂಪು ವಸ್ತ್ರ, ಸೊಂಟದಲ್ಲಿ ಮರದ ಕತ್ತಿ, ಕಾಡಿಗೆಯಲ್ಲಿ ಬರೆದುಕೊಂಡ ಹುರಿಮೀಸೆ.

"ಒಬ್ಬರು ಕಡಿಮೆಯಾದ್ರೂ ನಿಮ್ಮನ್ನೇ ನೀರಿಗೆ ತಳ್ತೀನಿ," ಎಂದಳು ಹೇದಿಯಾ, ನಗು ಬಾರದಂತೆ ತುಟಿ ಬಿಗಿಹಿಡಿದು.

ಬೇಸಿಗೆ ಪೂರ್ತಿ ಅವಳ ದಿನಗಳು ಹೀಗೆಯೇ ಶುರುವಾಗುತ್ತಿದ್ದವು. ರಜೆ ಕಳೆಯಲು ಜೆರ್ಬಾ ದ್ವೀಪಕ್ಕೆ ಬರುವ ಫ್ರೆಂಚರನ್ನೂ ಜರ್ಮನ್ನರನ್ನೂ ಹೋಟೆಲಿನಿಂದ ಕರೆತಂದು ಹಡಗು ಹತ್ತಿಸುವುದು ಅವಳ ಕೆಲಸ. ಕಡಲ್ಗಳ್ಳನ ವೇಷ ಹಾಕಿ ದಾರಿಯುದ್ದಕ್ಕೂ ಅವರನ್ನು ನಗಿಸುವುದು ಅವನದು. ಹಗ್ಗ ಹಿಡಿದು ಪಟದ ಕಂಬದ ತುದಿಗೆ ಏರುತ್ತಿದ್ದ, ತಮಟೆ ಬಾರಿಸುತ್ತಿದ್ದ. ಕೊನೆಗೆ ಯಾರಾದರೊಬ್ಬ ಹೆಂಗಸಿನ ಮುಂದೆ ಮಂಡಿಯೂರಿ, "ನನ್ನ ರಾಣಿಯಾಗು" ಎಂದು ಫ್ರೆಂಚಿನಲ್ಲಿ ಗೋಗರೆಯುತ್ತಿದ್ದ. ಎಪ್ಪತ್ತು ದಾಟಿದ ಅಜ್ಜಿಯರೂ ಕೆಂಪಾಗುತ್ತಿದ್ದರು.

ಹೇದಿಯಾ ಆಗ ಮುಖ ತಿರುಗಿಸಿ ಸಮುದ್ರ ನೋಡುತ್ತಿದ್ದಳು. ಅವಳಿಗೆ ನಿಶ್ಚಯವಾಗಿದ್ದ ಅನೀಸ್ ಕೂಡ ಹೋಟೆಲಿನಲ್ಲಿ ಹೀಗೇ ಅತಿಥಿಗಳನ್ನು ಕುಣಿಸುತ್ತಿದ್ದವನು. ಕೈಗೆ ಗೋರಂಟಿ ಹಚ್ಚುವ ದಿನ ಹತ್ತಿರ ಬಂದಾಗ, ರಜೆಗೆ ಬಂದಿದ್ದ ಲಿಯಾನಿನ ಫ್ರೆಂಚ್ ಹೆಂಗಸೊಬ್ಬಳ ಜೊತೆ ವಿಮಾನ ಹತ್ತಿಬಿಟ್ಟ. ಹೊಲಿಸಿದ ಬಟ್ಟೆಗಳು ಇನ್ನೂ ಪೆಟ್ಟಿಗೆಯಲ್ಲಿದ್ದವು. ಅಂದಿನಿಂದ, ಜನರನ್ನು ನಗಿಸುವ ಗಂಡಸರೆಂದರೆ ಅವಳಿಗೆ ಭಯ.

ಆದರೂ ಫ್ಲೆಮಿಂಗೊ ಹಕ್ಕಿಗಳ ಮರಳುದಿಬ್ಬದಲ್ಲಿ ಊಟಕ್ಕೆ ಇಳಿದಾಗ, ಸಕ್ಕರೆ ಹಾಕದ ಪುದೀನ ಚಹಾದ ಲೋಟ ಎಲ್ಲರಿಗಿಂತ ಮೊದಲು ಅವಳ ಕೈಗೆ ಬರುತ್ತಿತ್ತು.

"ನನಗೆ ಸಕ್ಕರೆ ಬೇಡ ಅಂತ ನಿಮಗೆ ಯಾರು ಹೇಳಿದ್ರು?"

"ಮೊದಲ್ನೇ ದಿನ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ್ರಲ್ಲ."

"ನನ್ನ ಮುಖ ನೋಡೋದು ಬಿಟ್ಟು ಒಲೆ ಮೇಲಿನ ಮೀನು ನೋಡಿ. ಸೀದುಹೋಗ್ತಿದೆ."

"ದಿನಾ ಸೀದುಹೋಗುತ್ತೆ ಮೇಡಂ. ಪಾಪ, ಅದರ ತಪ್ಪಲ್ಲ."

ಅವಳು ಲೋಟದ ಮರೆಯಲ್ಲಿ ನಕ್ಕಳು. ಅವನು ಅದನ್ನೂ ನೋಡಿಬಿಟ್ಟ.

ಅಕ್ಟೋಬರ್ ಮುಗಿಯುತ್ತ ಬಂತು. ಆ ವರ್ಷದ ಕೊನೆಯ ಪಯಣದ ದಿನ ಜಲೇಲನ ತಮಟೆ ತಾಳ ತಪ್ಪುತ್ತಿತ್ತು. ಮಂಡಿಯೂರುವ ಹೊತ್ತಿಗೆ ಅವನು ಪ್ರವಾಸಿಗರ ಸಾಲನ್ನು ದಾಟಿ ನೇರವಾಗಿ ಹೇದಿಯಾಳ ಮುಂದೆ ಬಂದು ಕೂತ.

"ಹೇದಿಯಾ, ನೀನು ನನ್ನ ಮದುವೆ ಆಗ್ತೀಯಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಬೈಲುಗಳು ಮೇಲೆದ್ದವು. ಅವಳ ಕಿವಿ ಬಿಸಿಯಾಯಿತು.

"ಈ ಮಹಾಶಯ ಬೇಸಿಗೆಯಿಂದ ದಿನಕ್ಕೊಂದು ಮದುವೆ ಆಗ್ತಿದ್ದಾನೆ," ಎಂದಳು ಗಟ್ಟಿಯಾಗಿ, ಫ್ರೆಂಚಿನಲ್ಲಿ. "ಮೊದಲು ಆ ಹೆಂಡತಿಯರನ್ನೆಲ್ಲ ಸಾಕಲಿ, ಆಮೇಲೆ ನೋಡೋಣ!"

ಹಡಗೇ ಅಲುಗಾಡುವ ಹಾಗೆ ಜನ ನಕ್ಕರು. ಜಲೇಲ್ ಕೂಡ ನಕ್ಕ, ತಡವಾಗಿ. ಎದ್ದು ಸರಸರನೆ ಕಂಬ ಹತ್ತಿದವನು ದಡ ಬರುವವರೆಗೂ ಕೆಳಗಿಳಿಯಲಿಲ್ಲ.

ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ ಅವಳಿಗೆ ಥಟ್ಟನೆ ಹೊಳೆಯಿತು. ಅವನು ಇವತ್ತು ಫ್ರೆಂಚಿನಲ್ಲಿ ಕೇಳಿರಲಿಲ್ಲ. ಊರಿನ ಮಾತಿನಲ್ಲಿ ಕೇಳಿದ್ದ.

ಮನೆಯಲ್ಲಿ ಅಮ್ಮ ಅಂಗಳದಲ್ಲಿ ಕೂತು ಕೂಸ್‌ಕೂಸ್ ರವೆ ಜರಡಿ ಹಿಡಿಯುತ್ತಿದ್ದಳು.

"ಆ ಹುಡುಗ ಕೇಳಿದ್ನಾ?"

"ಯಾವ ಹುಡುಗ?"

"ಜಲೇಲ್ ಕಣೇ. ನಿನ್ನೆ ಅವರಮ್ಮ ಅಜೀಮ್ ಊರಿಂದ ಬುಟ್ಟಿ ತುಂಬ ಖರ್ಜೂರ ತಗೊಂಡು ಬಂದಿದ್ಲು. ನಿಮ್ಮ ಹುಡುಗೀನ ಕೊಡಿ ಅಂದ್ಲು. ಹೋದ ಸಲ ನಾವು ಆರಿಸಿದ ಗಂಡು ಏನಾದ ಅಂತ ಗೊತ್ತಲ್ಲ. ಈ ಸಲ ಅವಳನ್ನೇ ಕೇಳ್ಲಿ ತಾಯಿ, ಅಂದೆ."

ಹೇದಿಯಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಕೇಳಿದ. ಇಡೀ ಹಡಗು ನಗೋ ಹಾಗೆ ಮಾಡಿಬಿಟ್ಟೆ ಅಮ್ಮ."

ಅಮ್ಮ ಜರಡಿ ಕೆಳಗಿಟ್ಟಳು. "ಅನೀಸನ ಮೇಲಿನ ಸಿಟ್ಟನ್ನ ಇವನ ತಲೆಗೆ ಕಟ್ಟಿದ್ಯಾ? ಹಾಗಾದ್ರೆ ನಾಳೆ ಅಜೀಮ್ ಬಸ್ಸು ಹತ್ತು, ದಾರಿ ನಿನಗೇ ಗೊತ್ತು."

ಮರುದಿನ ಬೆಳಿಗ್ಗೆ ಅಜೀಮ್ ಬಂದರಿನಲ್ಲಿ ಅವನು ದಡದಿಂದ ತುಸು ದೂರ, ಪುಟ್ಟ ದೋಣಿಯಲ್ಲಿ ನಿಂತು ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಎಳೆಯುತ್ತಿದ್ದ. ಮೀಸೆಯಿಲ್ಲದ ಮುಖ. ಮಾಸಿದ ಸ್ವೆಟರ್. ಅವಳನ್ನು ಕಂಡು ಹಗ್ಗ ಕೈಬಿಟ್ಟ.

"ನೀವಾ... ಹೇಳಿ ಮೇಡಂ."

"ನಿನ್ನೆ 'ನೀನು' ಅಂದಿದ್ದೆ."

ಅವನು ತಲೆ ತಗ್ಗಿಸಿದ.

"ಅಷ್ಟು ಜನರ ಮುಂದೆ ಯಾಕೆ ಕೇಳಿದೆ ಜಲೇಲ್?"

"ಆ ವೇಷ ಇದ್ರೆ ಮಾತ್ರ ನನಗೆ ಬಾಯಿ ಬರೋದು. ಇಲ್ಲಾಂದ್ರೆ... ಹೀಗೇ."

"ಹಡಗಲ್ಲಿ ಯಾರೂ ನಿನ್ನನ್ನ ಕರೆದಿಲ್ವಾ? ಬಾ, ನಮ್ಮ ದೇಶಕ್ಕೆ ಹೋಗೋಣ ಅಂತ?"

"ಕರೆದಿದ್ದಾರೆ. ಹೋದ ವರ್ಷ ಒಬ್ಬಳು ಕರೆದಾಗ ಹೋಗೋಣ ಅಂತ ಆಸೇನೂ ಆಗಿತ್ತು. ಸುಳ್ಳು ಹೇಳಲ್ಲ." ಅವನು ಬಿದ್ದ ಹಗ್ಗ ಎತ್ತಿಕೊಂಡ. "ಈ ವರ್ಷ ಬೇರೆ ಗೈಡ್ ಗುಂಪು ಕರ್ಕೊಂಡು ಬಂದ ದಿನ ನನಗೆ ತಮಟೇನೂ ಬೇಡ, ಹಡಗೂ ಬೇಡ ಅನ್ನಿಸ್ತಿತ್ತು. ಅಷ್ಟೇ."

ಅವನು ಮುಚ್ಚಿಡದೆ ಹೇಳಿದ ಆ ಆಸೆಯೇ ಅವಳ ಎದೆಯ ಗಂಟನ್ನು ಸಡಿಲಿಸಿತು. ಅನೀಸ್ ಯಾವಾಗಲೂ, 'ಈ ಮಣ್ಣು ಬಿಟ್ಟು ನಾನೆಲ್ಲಿ ಹೋಗ್ಲಿ' ಎನ್ನುತ್ತಿದ್ದ.

"ನಿನ್ನೆ ನಿನ್ನ ಮನಸ್ಸು ನೋಯಿಸಿದೆ. ತಪ್ಪಾಯ್ತು," ಎಂದಳು. "ಈಗ ಕೇಳು. ಇಲ್ಲಿ ಯಾರೂ ಇಲ್ಲ."

ಜಲೇಲ್ ಬಾಯಿ ತೆರೆದ. ಮುಚ್ಚಿದ. ಮಡಕೆಯಿಂದ ಆಕ್ಟೋಪಸ್ಸೊಂದು ಮೆಲ್ಲಗೆ ಹೊರಬಂದು ದೋಣಿಯ ಅಂಚು ದಾಟಿ ಸಮುದ್ರಕ್ಕೆ ಜಾರಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಅಯ್ಯೋ ದೇವರೇ," ಎಂದು ಹೇದಿಯಾ ನಕ್ಕಳು. "ಹೋಗ್ಲಿ, ನಾನೇ ಕೇಳ್ತೀನಿ. ಜಲೇಲ್, ನನ್ನ ಮದುವೆ ಆಗ್ತೀಯಾ?"

"ಹೂಂ."

"ಕೇಳಿಸ್ಲಿಲ್ಲ."

"ಆಗ್ತೀನಿ!"

ಬಂದರಿನ ಕಡಲಕಾಗೆಗಳೆಲ್ಲ ಒಮ್ಮೆಲೇ ಹಾರಿದವು. ಆಚೆ ದೋಣಿಯಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ ಗಾಬರಿಯಿಂದ ಎದ್ದುನಿಂತ. "ಏನಾಯ್ತೋ ಜಲೇಲ್? ಯಾರಾದ್ರೂ ಮುಳುಗಿದ್ರೇನೋ?"

"ನಾನೇ, ದೊಡ್ಡಪ್ಪ!"

ಹೇದಿಯಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಮೊಣಕಾಲುದ್ದದ ತಣ್ಣನೆಯ ನೀರಿನಲ್ಲಿ ಅವಳು ದೋಣಿಯತ್ತ ನಡೆದು ಬರುತ್ತಿದ್ದರೆ, ಜಲೇಲ್ ಎರಡೂ ಕೈ ಚಾಚಿ ಕಾಯುತ್ತಿದ್ದ.