ತಣ್ಣನೆಯ ಗೋಡೆಯ ಹನಿಗಳು

ಬೆಳಿಗ್ಗೆ ಎಂಟರ ಸುಮಾರಿಗೆ ಠಾಣೆಯ ಮೆಟ್ಟಿಲೇರಿದ ಹೆಂಗಸಿಗೆ ಉಸಿರೇ ಹಿಡಿತಕ್ಕೆ ಬರುತ್ತಿರಲಿಲ್ಲ. ಅವಳ ಗಂಡನದು ಡ್ರೈ ಕ್ಲೀನಿಂಗ್ ಅಂಗಡಿ; ಮನೆಯೂ ಅದಕ್ಕೆ ಸೇರಿದಂತೆಯೇ. ನಸುಕಿನಲ್ಲಿ ಬಟ್ಟೆ ಒಣಗಿಸುವ ಒಳಕೋಣೆಗೆ ಹೋದವನು ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದ. ಈಗ ಆಸ್ಪತ್ರೆಯಲ್ಲಿದ್ದ.

"ಒಲೆ ರಿಪೇರಿಯವನೇ ಕಾರಣ ಸಾರ್. ನಿನ್ನೆ ಹೊಸ ಪೈಪ್ ಹಾಕಿ ಹೋದ. ಇವತ್ತು ಮನೆಯೆಲ್ಲ ಗ್ಯಾಸ್ ವಾಸನೆ!"

ಎಫ್‌ಐಆರ್ ದಾಖಲಾಯಿತು. ರಿಪೇರಿಯವನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು.

"ನಾನು ಹಾಕಿದ ಪೈಪ್ ಸೋರಲ್ಲ ಸಾರ್. ಆದ್ರೆ ಈ ಮಾತು ಊರಲ್ಲಿ ಹರಡಿದ್ರೆ ನನ್ನನ್ನ ಯಾರು ಅಡುಗೆಮನೆಗೆ ಬಿಟ್ಕೋತಾರೆ?"

ಇನ್ಸ್‌ಪೆಕ್ಟರ್ ದುಡುಕುವವರಲ್ಲ. ದುಡುಕಿದವನ ಕೈಗೆ ದೇವರೂ ದೀಪ ಕೊಡುವುದಿಲ್ಲ ಎಂದು ನಂಬಿದವರು. ಪಂಚರನ್ನೂ ಪೇದೆಯನ್ನೂ ಕರೆದುಕೊಂಡು ಅಂಗಡಿಗೆ ಹೋದರು. ಮುಂಭಾಗದ ಅಡುಗೆಮನೆಯಲ್ಲಿ ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ಒಲೆಯ ತಿರುಪು ತೆರೆದಿತ್ತಾ ತಾಯಿ?"

"ಹೌದು. ನಾನೇ ಮುಚ್ಚಿದೆ."

"ನಿಮ್ಮ ಯಜಮಾನರು ಬಿದ್ದಿದ್ದನ್ನ ಮೊದಲು ಕಂಡವರು?"

"ನನ್ನ ಮೈದುನ."

ಅವನನ್ನು ಎತ್ತಿ ತಂದಾಗಿನಿಂದ ಒಳಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ತೆರೆದೊಡನೆ ಮೂಗಿಗೆ ಹೊಡೆದದ್ದು ಸಿಹಿಯಾದ, ತಲೆ ತಿರುಗಿಸುವ ವಾಸನೆ, ಒಲೆಯ ಗ್ಯಾಸಿನದಲ್ಲ. ಪಕ್ಕದಲ್ಲಿ ಮಂಜುಗಡ್ಡೆಯ ಗೋದಾಮು. ಅದಕ್ಕೆ ತಾಗಿದ ಗೋಡೆಯ ಮೇಲೆ ಹನಿಗಳು ಮೂಡಿದ್ದವು. ಪೇದೆ ಕರವಸ್ತ್ರ ಮೂಗಿಗೆ ಹಿಡಿದು ಆ ಗೋಡೆಗೆ ಒರಗಿದ.

"ಅಯ್ಯೋ, ತೋಳೆಲ್ಲ ಒದ್ದೆ ಆಯ್ತು ಸಾರ್!"

ಹೊರಗೆ ಬಂದು ನೋಡಿದರೆ ಅಂಗಿಯ ತೋಳಿನ ಮೇಲಿದ್ದ ಸೈಕಲ್ ಚೈನಿನ ಜಿಡ್ಡು ಮಾಯ.

"ಪುಕ್ಕಟೆ ಡ್ರೈ ಕ್ಲೀನಿಂಗ್ ಆಯ್ತಲ್ಲಪ್ಪ," ಎಂದ ಇನ್ಸ್‌ಪೆಕ್ಟರ್ ಮರುಕ್ಷಣವೇ ಗಂಭೀರರಾದರು. "ಬರೀ ನೀರಾಗಿದ್ರೆ ಜಿಡ್ಡು ಹೋಗ್ತಿತ್ತಾ? ಒಲೆ ಗ್ಯಾಸ್ ಈ ತಂಪಿಗೆಲ್ಲ ಹನಿ ಆಗಲ್ಲ, ಮನೆ ಬಿಟ್ಟ ಮಗನ ಹಾಗೆ ತಿರುಗಿ ನೋಡಲ್ಲ. ಆವಿ ಹಾಗಲ್ಲ, ಸಂತೆಗೆ ಹೋದ ಮಗ. ಕೊಂಚ ಚಳಿ ಸಾಕು, ಮತ್ತೆ ದ್ರವವಾಗಿ ಮನೆ ಸೇರ್ತಾನೆ. ಇದು ಬಟ್ಟೆ ತೊಳೆಯೋ ದ್ರಾವಕದ ಆವಿ."

"ಹಾಗಾದ್ರೆ ಅದು ಆಚೆ ಹೋಗ್ಲಿಲ್ಲ ಯಾಕೆ ಸಾರ್?"

ಕಿಟಕಿಗೆ ಅಡ್ಡಲಾಗಿ ಹೊಸ ಹಲಗೆ. ಮೊಳೆಗಳಿಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ. ಪಂಚನಾಮೆಯಲ್ಲಿ ಅದೂ ಸೇರಿತು.

ಮೈದುನ ಆಸ್ಪತ್ರೆಯ ಬಾಗಿಲಲ್ಲೇ ಸಿಕ್ಕ.

"ಹಲಗೆ ಹೊಡೆದವರು ಯಾರಪ್ಪ?"

"ನಾನೇ ಸಾರ್. ಮೇಲಿನ ಮನೆಯವರು ವಾಸನೆ ಅಂತ ದಿನಾ ಜಗಳ. ಅಂಗಡಿ ಮುಚ್ಚಿಸ್ತೀವಿ ಅಂದ್ರು. ರಾತ್ರಿ ಹೊಡೆದೆ. ಅಣ್ಣಂಗೆ ಹೇಳ್ಲಿಲ್ಲ."

"ಒಲೆಯ ತಿರುಪು ತೆರೆದಿದ್ದು?"

ಅವನು ನೆಲ ನೋಡಿದ. "ಅಣ್ಣ ಬಿದ್ದಿದ್ದು ನೋಡಿ ಕೈಕಾಲು ಆಡ್ಲಿಲ್ಲ. ಕೊಂದವನು ನಾನೇ ಅನ್ನಿಸ್ತು. ಬೇರೆ ಯಾರ ಮೇಲಾದ್ರೂ ಹೋಗ್ಲಿ ಅಂತ..."

ಪೇದೆ ಅವನ ತೋಳು ಹಿಡಿದ. ರಿಪೇರಿಯವನನ್ನು ಕೂಡಲೇ ಬಿಡುವಂತೆ ಇನ್ಸ್‌ಪೆಕ್ಟರ್ ಠಾಣೆಗೆ ಫೋನ್ ಮಾಡಿದರು. ಆ ಬೀದಿಯ ಮನೆಮನೆಗೂ ಹೋಗಿ, ಅವನದು ತಪ್ಪಿಲ್ಲವೆಂದು ತಾವೇ ಹೇಳಿಬರಲು ನಿಶ್ಚಯಿಸಿದರು.

ಆಸ್ಪತ್ರೆಯ ಬಾಗಿಲಲ್ಲೇ ನಿಂತು ಬಂಧನದ ವರದಿಯ ಕೊನೆಗೆ ಅವರು ಬರೆಸಿದ್ದು ಇಷ್ಟೇ: "ದ್ವೇಷ ಕಂಡುಬಂದಿಲ್ಲ. ಮೊದಲ ತಪ್ಪು ಅಂಗಡಿ ಮುಚ್ಚೀತೆಂಬ ಭಯದಿಂದ; ಎರಡನೆಯದು ಮೊದಲನೆಯದರ ಭಯದಿಂದ."

ಅಷ್ಟರಲ್ಲಿ ನರ್ಸ್ ಹೊರಗೆ ಬಂದರು. ಅಣ್ಣನಿಗೆ ಎಚ್ಚರವಾಗಿತ್ತು.

"ತಮ್ಮ ಎಲ್ಲಿ ಅಂತ ಕೇಳ್ತಿದಾರೆ. ಅಂಗಡಿಯ ಒಳಕೋಣೆಗೆ ಅವನನ್ನ ಬಿಡಬೇಡಿ, ಅವನಿಗೂ ಏನಾದ್ರೂ ಆದೀತು ಅಂತಿದಾರೆ."

ತಮ್ಮ ಅಲ್ಲೇ ಕುಸಿದು ಕುಳಿತ. ಇನ್ಸ್‌ಪೆಕ್ಟರ್ ಪೇದೆಯತ್ತ ತಿರುಗಿದರು: "ಜೀಪು ಕಾಯಲಿ. ಮೊದಲು ಅಣ್ಣನ ಮುಖ ನೋಡ್ಕೊಂಡು ಬರಲಿ."